ಒಂದೂಕಾಲು ಇಂಚು

ಇದನ್ನು ಹೇಳುವುದನ್ನು ನಾನು ಬಹಳ ವರ್ಷ ಮುಂದಕ್ಕೆ ಹಾಕಿದ್ದೇನೆ. ಅಂಗಡಿ ನಡೆಯುತ್ತಿದ್ದಾಗ, ಹೇಳಿದರೆ ಗಿರಾಕಿಗಳು ನಂಬಿಕೆ ಬಿಡುತ್ತಾರೆ ಅಂದುಕೊಂಡೆ. ಅಂಗಡಿ ಮುಚ್ಚಿದ ಮೇಲೆ, ಕಣ್ಣಿನ ಪೊರೆ ತೆಗೆಸಿಕೊಂಡು ಬರೆಯೋಣ ಅಂದೆ. ಪೊರೆ ತೆಗೆಸಿ ಎರಡು ವರ್ಷವಾಯಿತು. ಈಗ ಅಕ್ಷರ ಚೆನ್ನಾಗಿ ಕಾಣುತ್ತದೆ, ನೆಪ ಯಾವುದೂ ಉಳಿದಿಲ್ಲ. ನಾನು ಓದಿದ್ದು ಎಸ್ಸೆಸ್ಸೆಲ್ಸಿವರೆಗೆ. ಬರೆದು ರೂಢಿಯಿಲ್ಲ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಚನ್ನಗಿರಿಯಲ್ಲಿ ಬಸ್ ಸ್ಟ್ಯಾಂಡಿಗೆ ಹತ್ತಿರದ ಒಂದು ಸಣ್ಣ ಮಳಿಗೆಯಲ್ಲಿ ನಾನು ಮೂವತ್ತು ವರ್ಷಕ್ಕೂ ಮೇಲೆ ಫೋಟೋಗಳಿಗೆ ಕಟ್ಟು ಹಾಕುತ್ತಿದ್ದೆ. ದೇವರ ಪಟ, ಮದುವೆ ಫೋಟೋ, ಮಕ್ಕಳು ಬರೆದ ಚಿತ್ರ, ಕಸೂತಿ ಹಾಕಿದ ಬಟ್ಟೆ, ಸರ್ಟಿಫಿಕೇಟು, ಏನು ತಂದರೂ ಫ್ರೇಮ್ ಮಾಡಿಕೊಡುತ್ತಿದ್ದೆ. ಆದರೆ ಹೆಚ್ಚಿನ ಕೆಲಸ ಸತ್ತವರದೇ. ಹನ್ನೊಂದನೆಯ ದಿನಕ್ಕೆ ಫೋಟೋ ಬೇಕು, ವರ್ಷದ ಕಾರ್ಯಕ್ಕೆ ಬೇಕು. ಜನ ರೇಷನ್ ಕಾರ್ಡಿನ ಫೋಟೋ ತರುತ್ತಿದ್ದರು, ಯಾರದೋ ಮದುವೆಯ ಗುಂಪಿನ ಮೂಲೆಯಲ್ಲಿ ಅರ್ಧ ಮುಖ ಕಾಣುವ ಫೋಟೋ ತರುತ್ತಿದ್ದರು. ಸ್ಟುಡಿಯೋದಲ್ಲಿ ದೊಡ್ಡದು ಮಾಡಿಸಿ, ಹಣೆಗೆ ಬಣ್ಣದಲ್ಲಿ ವಿಭೂತಿ ಎಳೆದು, ಬಿಚ್ಚಿದ ಅಂಗಿಗೆ ಗುಂಡಿ ಬರೆದು ಕೊಡುತ್ತಿದ್ದೆ. ಆ ಸಣ್ಣ ಕುಂಚದ ಕೆಲಸದಲ್ಲಿ ನನಗೆ ಒಳ್ಳೆಯ ಹೆಸರಿತ್ತು.

ಕೆಲಸ ಕಲಿಸಿದವರು ಶಿವಮೊಗ್ಗದ ಒಬ್ಬ ಉಸ್ತಾದರು. ಅಳತೆಯ ವಿಷಯದಲ್ಲಿ ಬಹಳ ಕಟ್ಟುನಿಟ್ಟು. "ಮೊದಲು ಚಿತ್ರ ಅಳೆ. ಆಮೇಲೆ ಅದು ಕೂರೋ ಗೋಡೆ ಅಳೆ. ಫ್ರೇಮ್ ಕಡೇಗೆ. ಕಾಲಿಗೆ ತಕ್ಕ ಚಪ್ಪಲಿ ಹೊಲೀಬೇಕು, ಚಪ್ಪಲಿಗೆ ತಕ್ಕಂಗೆ ಕಾಲು ಕುಯ್ಯಾಕಾಗಲ್ಲ ಮಗಾ" ಅನ್ನುತ್ತಿದ್ದರು. ಫ್ರೇಮಿನ ಅಳತೆ ಅಂದರೆ ಹೊರಗಿನದ್ದಲ್ಲ, ಒಳಗೆ ಗಾಜು ಕೂರುವ ಜಾಗದ್ದು. ಅಲ್ಲಿ ಮರದ ತುಟಿ ನಾಲ್ಕೂ ಕಡೆಯಿಂದ ಕಾಲು ಇಂಚು ಚಿತ್ರವನ್ನು ನುಂಗುತ್ತದೆ. ಹಾಗಾಗಿ ಅಂಚಿನಲ್ಲಿ ಮುಖ್ಯವಾದದ್ದು ಏನಾದರೂ ಇದ್ದರೆ, ಸುತ್ತ ಬಿಳಿ ರಟ್ಟಿನ ಮೌಂಟ್ ಕೊಟ್ಟು, ಫ್ರೇಮನ್ನು ಒಂದು ಅಳತೆ ದೊಡ್ಡದು ಮಾಡಬೇಕು. ಮೌಂಟಿನ ಕೆಳಗಡೆ ಮೇಲಿಗಿಂತ ಅರ್ಧ ಇಂಚು ಹೆಚ್ಚು ಬಿಡಬೇಕು. ಬಿಡದಿದ್ದರೆ ಒಳಗಿರುವ ಮನುಷ್ಯ ನಿಧಾನವಾಗಿ ಕೆಳಗೆ ಜಾರುತ್ತಿರುವ ಹಾಗೆ ಕಾಣುತ್ತದೆ. ಇವೆಲ್ಲ ನನಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿಲ್ಲದೆ ಮಾಡಿದ ತಪ್ಪಾಗಿದ್ದರೆ ಇಷ್ಟು ಬರೆಯುತ್ತಿರಲಿಲ್ಲ.

ನಮ್ಮ ಕಸುಬಿನಲ್ಲಿ ಇನ್ನೊಂದು ಪದ್ಧತಿಯೂ ಇತ್ತು. ಸತ್ತವರ ಫೋಟೋ ಕಟ್ಟುವಾಗ ಬದುಕಿರುವವರ ಮೈಯ ಯಾವ ಭಾಗವೂ ಅದರೊಳಗೆ ಉಳಿಯಬಾರದು. ಗುಂಪಿನ ಫೋಟೋದಿಂದ ಒಬ್ಬರನ್ನು ಬಿಡಿಸಿದಾಗ ಪಕ್ಕದವರ ಭುಜ, ಸೆರಗಿನ ತುದಿ, ಕೈ, ಎಲ್ಲ ತೆಗೆದುಬಿಡಬೇಕು. ಉಳಿದರೆ ಆ ಭಾಗದ ಒಡೆಯರಿಗೂ ಹಾರ ಬೀಳುತ್ತದೆ ಅನ್ನುವ ಭಯ. ಗಿರಾಕಿಗಳೇ ಹೇಳುತ್ತಿದ್ದರು. ಹೇಳದಿದ್ದರೂ ನಾವೇ ತೆಗೆಯುತ್ತಿದ್ದೆವು.

ಆ ವರ್ಷ ಅಡಿಕೆ ಸುಲಿಯುವ ಕಾಲದಲ್ಲಿ ಗೋವಿನಕೋವಿಯಿಂದ ಹತ್ತು ಹನ್ನೆರಡು ಹೆಂಗಸರು ಚನ್ನಗಿರಿಗೆ ಕೆಲಸಕ್ಕೆ ಬಂದಿದ್ದರು. ಅವರಲ್ಲಿ ಒಬ್ಬಾಕೆ ಒಂದು ಬೆಳಿಗ್ಗೆ ನನ್ನ ಅಂಗಡಿಗೆ ಬಂದಳು. ವಯಸ್ಸು ಐವತ್ತೈದರ ಮೇಲೆ. ಅಡಿಕೆ ಚೊಗರಿಗೆ ಬೆರಳುಗಳು ಕಪ್ಪಾಗಿದ್ದವು, ಎರಡು ಬೆರಳಿಗೆ ಬಟ್ಟೆ ಸುತ್ತಿಕೊಂಡಿದ್ದಳು. ಟವೆಲಿನಲ್ಲಿ ಸುತ್ತಿ ತಂದಿದ್ದ ಫೋಟೋ ಬಿಚ್ಚಿ ಮುಂದಿಟ್ಟಳು.

"ಅಣ್ಣಾರೆ, ಇದಕ್ಕೊಂದು ಕಟ್ಟು ಹಾಕ್ಕೊಡ್ರಿ. ನಮ್ಮ ಯಜಮಾನ್ರು. ವರ್ಷದ ಕಾರ್ಯ ಹತ್ರ ಬಂತು."

ಕಪ್ಪು ಬಿಳುಪು ಫೋಟೋ. ಮನೆಯ ಗೋಡೆಯ ಮುಂದೆ ಕೂತ ಗಂಡಸು, ಬಿಳಿ ಅಂಗಿ, ನೆಟ್ಟ ನೋಟ.

"ಇದ್ದಂಗೇ ಹಾಕ್ರಿ. ಏನೂ ತೆಗೀಬ್ಯಾಡ್ರಿ" ಅಂದಳು.

"ನಾನೇನ್ ನಿಮ್ಮ ಯಜಮಾನ್ರನ್ನ ಅಂಗಡೀಲೇ ಇಟ್ಕಂತೀನೇನವ್ವ? ಪೂರ್ತಿ ಕೊಡ್ತೀನಿ."

"ಇಟ್ಕಂಡ್ರೂ ನಿಮಗೇ ಕಷ್ಟ. ಮೂರು ಹೊತ್ತು ಟೀ ಕೇಳ್ತಿದ್ರು" ಅಂದು ಬಾಯಿಗೆ ಸೆರಗು ಹಿಡಿದು ನಕ್ಕಳು. ನಾನೂ ನಕ್ಕೆ. "ಏನೂ ತೆಗೀಬ್ಯಾಡ್ರಿ" ಅನ್ನುವುದು ಎಲ್ಲರೂ ಆಡುವ ಮಾತು. ನಾನು ಅದನ್ನು ಕಿವಿಗೆ ಹಾಕಿಕೊಂಡೆ, ತಲೆಗೆ ಹಾಕಿಕೊಳ್ಳಲಿಲ್ಲ.

ಮಾರನೆಯ ದಿನ ಮಧ್ಯಾಹ್ನ ಅಳೆದೆ. ಅಗಲ ಒಂಬತ್ತೂಕಾಲು ಇಂಚು, ಎತ್ತರ ಹನ್ನೆರಡು. ಯಾವ ಸಿದ್ಧ ಅಳತೆಗೂ ಕೂರದ ಫೋಟೋ. ಹೊಸದಾಗಿ ಪಟ್ಟಿ ಕುಯ್ದು, ಗಾಜು ಕುಯ್ದು ಮಾಡಬೇಕು. ಆದರೆ ಗೋಡೆಯ ಮೇಲೆ ಒಂದು ಎಂಟು-ಹನ್ನೆರಡರ ಫ್ರೇಮ್ ತೂಗುತ್ತಿತ್ತು. ಯಾರೋ ಮಾಡಿಸಿ ಒಯ್ಯದೆ ಬಿಟ್ಟದ್ದು, ಗಾಜು ಸಮೇತ. ಫೋಟೋವನ್ನು ಅದರ ಮೇಲೆ ಇಟ್ಟು ನೋಡಿದೆ. ಒಂದೂಕಾಲು ಇಂಚು ಹೊರಗೆ ಉಳಿಯಿತು.

ಆ ಒಂದೂಕಾಲು ಇಂಚಿನಲ್ಲಿ ಒಂದು ಕೈ ಇತ್ತು.

ಎಡಗಡೆಯ ಅಂಚಿನಿಂದ ಒಳಗೆ ಬಂದ ಒಂದು ಪುಟ್ಟ ಕೈ. ಮಣಿಕಟ್ಟಿನವರೆಗೆ ಮಾತ್ರ. ಒಂದೇ ಒಂದು ಗಾಜಿನ ಬಳೆ. ಬೆರಳುಗಳು ಆ ಗಂಡಸಿನ ಹೆಗಲ ಮೇಲೆ ಕೂತಿದ್ದವು. ಕೈಯ ಒಡೆಯರು ಫೋಟೋದ ಹೊರಗೆ. ಇಂಥವು ನಾನು ನೂರು ನೋಡಿದ್ದೆ. ಯಾರೋ ಮಗು, ಈಗ ದೊಡ್ಡದಾಗಿ ಎಲ್ಲೋ ಸಂಸಾರ ಮಾಡಿಕೊಂಡಿರುತ್ತದೆ, ಸತ್ತವರ ಜೊತೆ ಅದರ ಕೈ ಯಾಕೆ ಇರಬೇಕು ಅಂತ ಪದ್ಧತಿ ನೆನಪಿಗೆ ಬಂತು. ಸ್ಟೀಲ್ ಸ್ಕೇಲ್ ಇಟ್ಟು ಎಡಗಡೆ ಮೇಲಿಂದ ಕೆಳಗೆ ಬ್ಲೇಡ್ ಎಳೆದೆ.

ಎಷ್ಟೋ ವರ್ಷ ಪದ್ಧತಿಯ ಪ್ರಕಾರ ಕತ್ತರಿಸಿದೆ ಅಂತಲೇ ನನಗೆ ನಾನು ಹೇಳಿಕೊಂಡಿದ್ದೇನೆ. ಈಗ ನಿಜ ಬರೆಯುತ್ತೇನೆ. ಗೋಡೆಯ ಮೇಲಿದ್ದ ಫ್ರೇಮ್ ಒಂಬತ್ತೂಕಾಲು ಇಂಚಿನದಾಗಿದ್ದರೆ ನನಗೆ ಪದ್ಧತಿ ನೆನಪಾಗುತ್ತಿರಲಿಲ್ಲ.

ಕತ್ತರಿಸಿದ ಮೇಲೆ ನೋಡಿದರೆ ನಡುಬೆರಳಿನ ತುದಿ ಮಾತ್ರ ಹೆಗಲ ಮೇಲೆ ಉಳಿದುಕೊಂಡಿತ್ತು. ಉಳಿದ ಕೈಯೆಲ್ಲ ಹೋಗಿ, ಒಂದು ಬೆರಳ ತುದಿ, ಅಕ್ಕಿ ಕಾಳಿನಷ್ಟು. ಕುಂಚ ತೆಗೆದುಕೊಂಡು ಅದರ ಮೇಲೆ ಅಂಗಿಯ ಬಣ್ಣ ಹಚ್ಚಿದೆ. ಒಣಗಿದ ಮೇಲೆ ಅಲ್ಲಿ ಏನಿತ್ತು ಅಂತ ನನಗೇ ಕಾಣಲಿಲ್ಲ. ಸಂತೋಷಪಟ್ಟೆ.

ಅದೇ ಹೊತ್ತಿಗೆ ಮೇಜಿನ ಮೇಲೆ ಜಗಳೂರಿನವರ ಕೆಲಸ ಇತ್ತು. ತೀರಿಕೊಂಡ ತಂದೆಯ ದೊಡ್ಡ ಫೋಟೋ, ಹನ್ನೆರಡು-ಹದಿನೈದರ ಫ್ರೇಮು. ಇಲ್ಲಿ ತೊಂದರೆ ಉಲ್ಟಾ. ಸ್ಟುಡಿಯೋದವರು ಅಂಚು ಸವರಿ ಕೊಟ್ಟಿದ್ದರಿಂದ ಫೋಟೋ ಅರ್ಧ ಇಂಚು ಸಣ್ಣದಾಗಿ, ಒಳಗೆ ಅತ್ತಿತ್ತ ಜರುಗುತ್ತಿತ್ತು. ವಾಪಸ್ ಕಳಿಸಿ ಬೇರೆ ಮಾಡಿಸಬೇಕಿತ್ತು. ನಾನು ಕೈಗೆ ಸಿಕ್ಕಿದ ಕಾಗದದ ಪಟ್ಟಿಯನ್ನು ಉದ್ದಕ್ಕೆ ಮಡಿಚಿ, ಎಡಗಡೆ ಮರದ ತುಟಿಯ ಕೆಳಗೆ ಸಂದಿಗೆ ತುರುಕಿ, ಹಿಂದೆ ರಟ್ಟು ಇಟ್ಟು ಮೊಳೆ ಹೊಡೆದೆ. ಆ ಪಟ್ಟಿ ಯಾವುದು ಅಂತ ಬೇರೆ ಹೇಳಬೇಕಿಲ್ಲ. ಜಗಳೂರಿನವರು ಮಾರನೆಯ ಬೆಳಿಗ್ಗೆಯೇ ಬಂದು ಒಯ್ದರು.

ಗೋವಿನಕೋವಿಯಾಕೆ ಅದೇ ದಿನ ಸಂಜೆ ಬಂದಳು. ಜೊತೆಗೆ ಮಗ ಇದ್ದ. ನ್ಯಾಮತಿಯಲ್ಲಿ ಗೂಡ್ಸ್ ಆಟೋ ಓಡಿಸುವವನು, ಮೂವತ್ತರ ಒಳಗಿನವನು. ಅಂಗಡಿಯಲ್ಲಿ ಇನ್ನೂ ಇಬ್ಬರು ಗಿರಾಕಿಗಳಿದ್ದರು. ನಾನು ಫ್ರೇಮ್ ಒರೆಸಿ ಆಕೆಯ ಕೈಗೆ ಕೊಟ್ಟೆ. ಆಕೆ ಗಂಡನ ಮುಖ ನೋಡಲಿಲ್ಲ. ನೇರ ಎಡಗಡೆಯ ಅಂಚಿಗೆ ಕಣ್ಣು ಹೋಯಿತು.

"ಕೈ ಎಲ್ರೀ?"

"ಯಾವ ಕೈಯವ್ವ?"

"ಇಲ್ಲಿತ್ತಲ್ರೀ, ಹೆಗಲ ಮ್ಯಾಲೆ. ನನ್ನ ಮಗಳ ಕೈ." ಮಗನ ಕಡೆ ತಿರುಗಿದಳು. "ನಿನ್ನ ಅಕ್ಕಂದು ಕಣೋ. ಫೋಟೋದೋನು ಬ್ಯಾಡ ಅಂದ್ರೂ ಒರಳುಕಲ್ಲಿನ ಮ್ಯಾಲೆ ಹತ್ತಿ, ಅಪ್ಪನ ಹೆಗಲಿಗೆ ಕೈ ಇಟ್ಟಿದ್ದು. ಆರು ವರ್ಷ ಅದಕ್ಕೆ. ಅದೇ ವರ್ಷ ಜ್ವರಕ್ಕೆ ಹೋಗಿದ್ದು. ಅದರದ್ದು ಅಂತ ಉಳಿದಿದ್ದು ಇದೊಂದೇ."

ಆಗ ನನಗೆ ಗೊತ್ತಾಯಿತು. ಕೈಯೂ ಸತ್ತವರದ್ದೇ. ಪದ್ಧತಿಯ ಪ್ರಕಾರವೇ ನೋಡಿದರೂ ಅದು ಆ ಫೋಟೋದಲ್ಲಿ ಇರಬೇಕಾಗಿತ್ತು.

ತಪ್ಪಾಯಿತು ಅನ್ನಬಹುದಾಗಿತ್ತು. ಜಗಳೂರಿಗೆ ಹೋಗಿ ಆ ಪಟ್ಟಿ ತಂದು ಅಂಟಿಸಿಕೊಡುತ್ತೇನೆ ಅನ್ನಬಹುದಾಗಿತ್ತು. ಆದರೆ ಆ ಇಬ್ಬರು ಗಿರಾಕಿಗಳು ನನ್ನ ಮುಖವನ್ನೇ ನೋಡುತ್ತಿದ್ದರು. ಒಂದೇ ಒಂದು ಫೋಟೋವನ್ನೂ ಕೆಡಿಸಿದವನಲ್ಲ ಅನ್ನುವ ಹೆಸರು ನನ್ನದು. ಬಾಯಿಂದ ಮಾತು ತಾನಾಗಿ ಬಂತು.

"ಇದ್ರಾಗೆ ಕೈಯೇ ಇರಲಿಲ್ಲವ್ವ."

"ಇತ್ತು."

"ಬೇಕಾದ್ರೆ ಬಿಚ್ಚಿ ತೋರಿಸ್ತೀನಿ." ಬಿಚ್ಚಿದೆ. ಫೋಟೋ ಹೊರಗೆ ತೆಗೆದು ಮೇಜಿನ ಮೇಲಿಟ್ಟೆ. ಬ್ಲೇಡಿನ ಗೆರೆ ನೂಲು ಹಿಡಿದ ಹಾಗೆ ನೇರವಾಗಿತ್ತು. ಆಕೆ ಕಪ್ಪು ಬೆರಳಿನಿಂದ ಹೆಗಲ ಮೇಲೆ ಸವರಿದಳು. ನಾನು ಬಣ್ಣ ಹಚ್ಚಿದ ಅಕ್ಕಿ ಕಾಳಿನಷ್ಟು ಜಾಗಕ್ಕೆ ಬಂದು ಬೆರಳು ನಿಂತಿತು.

"ಇಲ್ಲಿ ದಪ್ಪ ಐತಲ್ಲ?"

ಕಣ್ಣಿಗೆ ಕಾಣದ್ದು ಬೆರಳಿಗೆ ಹೇಗೆ ಸಿಕ್ಕಿತೋ. "ಹಳೇ ಫೋಟೋ, ಅಲ್ಲಲ್ಲಿ ಉಬ್ಬಿರ್ತೈತೆ" ಅಂದೆ.

"ಏನಪ್ಪಾ, ನೀನು ನೋಡಿದ್ದೆಯಾ ಕೈನ?" ಅಂತ ಗಿರಾಕಿಗಳಲ್ಲಿ ಒಬ್ಬರು ಮಗನನ್ನು ಕೇಳಿದರು.

"ಅವ್ವ ಪೆಟ್ಟಿಗೇಲಿ ಇಟ್ಕಂಡಿದ್ಲು. ನಾನು ಸರಿಯಾಗಿ ನೋಡಿಲ್ರಿ" ಅಂದ ಅವನು. ಆಮೇಲೆ ಮೆಲ್ಲಗೆ, "ಅವ್ವಾ, ಬಾರವ್ವ, ಎಲ್ಲರೂ ನೋಡ್ತಾವ್ರೆ."

"ಕಳ್ಳ ಇವನು!" ಅಂತ ಆಕೆ ಕೂಗಿದಳು. "ನನ್ನ ಮಗಿನ ಕೈ ಕದ್ದಾನೆ!"

"ಕೈ ಕದ್ದು ಏನ್ ಸಾರು ಮಾಡ್ತಾರೇನವ್ವ?" ಅಂದರು ಗಿರಾಕಿ. ಇನ್ನೊಬ್ಬರು ನಕ್ಕರು. ನಾನು ಸಣ್ಣಗೆ ನಕ್ಕೆನೋ ಇಲ್ಲವೋ ನೆನಪಿಲ್ಲ ಅಂತ ಬರೆಯೋಣ ಅಂದುಕೊಂಡಿದ್ದೆ. ನಕ್ಕೆ.

ಕೆಲಸ ಮುಗಿದು ಊರಿಗೆ ಹೋಗುವವರೆಗೆ ಆಕೆ ಏಳೆಂಟು ಸಲ ಬಂದು ರಸ್ತೆಯ ಆಚೆ ನಿಂತಿದ್ದಳು. ಬೈಯಲಿಲ್ಲ, ಹತ್ತಿರ ಬರಲಿಲ್ಲ. ಅಂಗಡಿಯ ಗೋಡೆಯ ಮೇಲಿದ್ದ ಫ್ರೇಮುಗಳನ್ನು ಎಡದಿಂದ ಬಲಕ್ಕೆ ಒಂದೊಂದಾಗಿ ನೋಡುವಳು. ಹುಡುಕುತ್ತಿದ್ದಾಳೆ ಅಂತ ನನಗೆ ಗೊತ್ತಾಗುತ್ತಿತ್ತು. ನಾನು ತಲೆ ತಗ್ಗಿಸಿ ಗಾಜು ಕುಯ್ಯುತ್ತಿದ್ದೆ. ಆ ವಾರ ಕುಯ್ದ ಗಾಜು ಬಹಳ ಒಡೆದವು.

ನಾಲ್ಕೈದು ತಿಂಗಳಾದ ಮೇಲೆ, ಬಿರುಬೇಸಿಗೆಯಲ್ಲಿ, ಜಗಳೂರಿನಿಂದ ಅಕ್ಕ ತಮ್ಮ ಇಬ್ಬರು ಬಂದರು. ಬಗಲಲ್ಲಿ ನಾನು ಕಟ್ಟಿಕೊಟ್ಟ ದೊಡ್ಡ ಫ್ರೇಮು, ಬೆಡ್‌ಶೀಟಿನಲ್ಲಿ ಸುತ್ತಿ, ಮುಖ ಒಳಗೆ ಮಾಡಿ ಹಿಡಿದಿದ್ದರು. ಮೇಜಿನ ಮೇಲೆ ಇಟ್ಟ ತಮ್ಮ ಎರಡು ಹೆಜ್ಜೆ ಹಿಂದೆ ಸರಿದ.

"ನೀವೇ ಬಿಚ್ರಿ" ಅಂದ.

ಬಿಚ್ಚಿದೆ. ಮುದುಕರು ಗಾಜಿನ ಹಿಂದಿನಿಂದ ನನ್ನನ್ನು ನೋಡುತ್ತಿದ್ದರು. ಅವರ ಹೆಗಲ ಮೇಲೆ ಒಂದು ಪುಟ್ಟ ಕೈ.

"ಯುಗಾದಿಗೆ ಮುಂಚೆ ಬೆರಳು ಮಾತ್ರ ಕಾಣ್ತಿದ್ವು" ಅಂದಳು ಅಕ್ಕ. "ಆಮ್ಯಾಕೆ ದಿನಾ ಒಂದೀಟೊಂದೀಟೇ ಒಳಗೆ ಬಂತು. ಈಗ ಬಳೆನೂ ಬಂದೈತೆ."

"ನಡುಬೆರಳಿನ ತುದಿ ಇಲ್ಲ, ನೋಡ್ರಿ" ಅಂದ ತಮ್ಮ, ಹತ್ತಿರ ಬರದೆಯೇ.

"ನಮ್ಮಪ್ಪ ಬದುಕಿದ್ದಾಗ ಮೊಮ್ಮಕ್ಕಳನ್ನೂ ಹೆಗಲು ಮುಟ್ಟಾಕೆ ಬಿಟ್ಟೋನಲ್ಲ, ಇಸ್ತ್ರಿ ಕೆಡ್ತದೆ ಅಂತ. ಈಗ ಸುಮ್ನೆ ಕುಂತಾನೆ" ಅಂದಳು ಅಕ್ಕ. ಅವಳಿಗೆ ನಗುವೂ ಬರುತ್ತಿತ್ತು, ಭಯವೂ ಇತ್ತು. "ನಮ್ಮನೇಲಿ ಸತ್ತ ಮಕ್ಕಳು ಯಾರೂ ಇಲ್ರೀ. ಇದು ಯಾರ ಮಗು? ದಾರಿ ತಪ್ಪಿ ನಮ್ಮನೆಗೆ ಬಂದೈತೆ. ಬಂದ ಮಗಿಗೆ ಏನೂ ಕೊಡದೆ ಹೆಂಗಿರಾದು ಅಂತ ದಿನಾ ಒಂದು ಲೋಟ ಹಾಲು ಇಡ್ತೀನಿ."

"ಕಾಗದ ಜಾರೈತೆ, ಅಷ್ಟೇನವ್ವ. ಫೋಟೋ ಅಲ್ಲಾಡಬಾರದು ಅಂತ ಸಂದಿಗೆ ಇಟ್ಟಿದ್ದು" ಅಂದೆ. ಅದು ನಿಜವೇ. ತಗಡಿನ ಮನೆ, ಜಗಳೂರಿನ ಬಿಸಿಲು. ಮಡಿಚಿದ ಕಾಗದ ಬಿಸಿಗೆ ಬಿಚ್ಚಿಕೊಳ್ಳಲು ನೋಡುತ್ತದೆ. ಗಾಜಿಗೂ ಫೋಟೋಕ್ಕೂ ನಡುವೆ ನಿಧಾನವಾಗಿ ಹರಡಿಕೊಂಡಿದೆ. ಇಷ್ಟೆಲ್ಲ ಬಿಡಿಸಿ ಹೇಳಿದೆ.

"ಕಾಗದಕ್ಕೆ ಬಳೆ ಇರ್ತದೇನ್ರಿ?" ಅಂದಳು. "ನೀವು ಇಟ್ಟ ಕಾಗದ ಅಂದ್ರೆ ಯಾರ ಮಗು ಅಂತ ನಿಮಗೆ ಗೊತ್ತಿರ್ತೈತೆ. ಅವರ ಮನೆಗೆ ಕಳಿಸ್ರಿ. ಅವರವ್ವ ಹುಡುಕ್ತಿರ್ತಾಳೆ."

ಮೊಳೆ ತೆಗೆದು ಆ ಪಟ್ಟಿಯನ್ನು ಹೊರಗೆಳೆದೆ. ಮುದುಕರ ಫೋಟೋವನ್ನು ಮೌಂಟ್ ಕೊಟ್ಟು ಸರಿಯಾಗಿ ಕೂರಿಸಿಕೊಟ್ಟೆ, ಅಕ್ಕ ತಮ್ಮನಿಗೆ ಕೈ ಮುಗಿದು ತಪ್ಪಾಯಿತು ಅಂತ ಕೇಳಿಕೊಂಡೆ. ಅವರಿಗೆ ಅದನ್ನು ಹೇಳಲು ನನಗೆ ಕಷ್ಟವೇ ಆಗಲಿಲ್ಲ. ಹೋಗುವಾಗ ಅಕ್ಕ ಆ ಪಟ್ಟಿಯ ಕಡೆ ತಿರುಗಿ, "ಹೋಗ್ಬಾ ಮಗಾ" ಅಂದಳು.

ಪಟ್ಟಿಯನ್ನು ಮೇಜಿನ ಡ್ರಾದಲ್ಲಿ ಇಟ್ಟೆ. ನಾಳೆ ಗೋವಿನಕೋವಿಗೆ ಹೋಗಬೇಕು ಅಂದುಕೊಂಡೆ. ನಾಳೆ ಅನ್ನುವುದು ಆರು ತಿಂಗಳಾಯಿತು. ಆ ಆರು ತಿಂಗಳು ಡ್ರಾ ತೆಗೆಯಲು ನನಗೆ ಅಂಜಿಕೆ. ಪಟ್ಟಿಯ ಮುಖ ಕೆಳಗೆ ಮಾಡಿ ಇಟ್ಟಿರುತ್ತಿದ್ದೆ, ಮಾರನೆಯ ದಿನ ತೆಗೆದರೆ ಮೇಲೆ ನೋಡುತ್ತಿರುತ್ತಿತ್ತು. ಮಡಿಕೆ ಬಿದ್ದ ಕಾಗದ ಹೊರಳುತ್ತದೆ, ಅದು ನನಗೆ ಗೊತ್ತು. ಸ್ಟೀಲ್ ಸ್ಕೇಲನ್ನು ಅದರ ಮೇಲೆ ಭಾರವಾಗಿ ಇಟ್ಟೆ. ಸ್ಕೇಲಿನ ಕೆಳಗಿನಿಂದ ಬೆರಳುಗಳು ಹೊರಗೆ ಬಂದಿದ್ದವು, ಮೇಜಿನ ಅಡಿಯಿಂದ ಮಗು ಕೈ ಚಾಚಿದ ಹಾಗೆ. ಸ್ಕೇಲ್ ಬೇಕಾದಾಗ ಪಕ್ಕದ ಅಂಗಡಿಯಿಂದ ಕೇಳಿ ತರುತ್ತಿದ್ದೆ.

ಕಡೆಗೆ ಒಂದು ಸೋಮವಾರ ಹೊರಟೆ. ಪಟ್ಟಿಯನ್ನು ಲಕೋಟೆಯಲ್ಲಿ ಹಾಕಿ ಅಂಗಿಯ ಜೇಬಿನಲ್ಲಿ ಇಟ್ಟುಕೊಂಡೆ. ಹೊನ್ನಾಳಿಯಲ್ಲಿ ಬಸ್ ಬದಲಿಸಿದಾಗ ಜನ ತುಂಬಿದ್ದರು, ಆದರೂ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಬಸ್ ಹೊರಟ ಸ್ವಲ್ಪ ಹೊತ್ತಿಗೆ ಹಿಂದಿನ ಸೀಟಿನಿಂದ ಒಂದು ಪುಟ್ಟ ಕೈ ಬಂದು ನನ್ನ ಹೆಗಲ ಮೇಲೆ ಕೂತಿತು. ಯಾರದೋ ಮಗು ಸೀಟಿನ ಮೇಲೆ ನಿಂತು ಆಧಾರಕ್ಕೆ ಹಿಡಿದುಕೊಂಡಿದೆ. ಬೇರೇನಿಲ್ಲ. ಬಸ್ಸು ಕುಲುಕಿದಾಗ ಬೆರಳು ಬಿಗಿಯುತ್ತಿದ್ದವು, ಆಮೇಲೆ ಸಡಿಲಾಗುತ್ತಿದ್ದವು. ನಾನು ಕತ್ತು ತಿರುಗಿಸಲಿಲ್ಲ. ಆ ಕೈಗೆ ಬಳೆ ಇದೆಯೋ ಇಲ್ಲವೋ ನೋಡುವ ಧೈರ್ಯ ಆಗಲಿಲ್ಲ. ನ್ಯಾಮತಿಯಲ್ಲಿ ಎಲ್ಲರೂ ಇಳಿದರು. ಹೆಗಲಿನ ಭಾರ ಯಾವಾಗ ಹೋಯಿತು ಅಂತ ನನಗೆ ತಿಳಿಯಲಿಲ್ಲ. ಎಲ್ಲರೂ ಇಳಿದ ಮೇಲೆ ಇಳಿದೆ.

ಅಲ್ಲಿಂದ ಗೋವಿನಕೋವಿ ಸೇರಿ, ಮನೆ ಕೇಳಿಕೊಂಡು ಹೋದೆ. ಆಕೆ ಬಾಗಿಲ ಮುಂದೆ ಕೂತು ಅಲಸಂದೆ ಬಿಡಿಸುತ್ತಿದ್ದಳು. ಬಹಳ ಇಳಿದುಹೋಗಿದ್ದಳು. ನನ್ನನ್ನು ನೋಡಿದ ಕೂಡಲೇ ಗುರುತು ಹಿಡಿದು ಗಡಬಡಿಸಿ ಎದ್ದಳು. ಬೈಯುತ್ತಾಳೆ ಅಂತ ಕಾದೆ. ಬೈದರೆ ನನಗೆ ಸುಲಭವಾಗುತ್ತಿತ್ತು.

"ಬರ್ರಿ ಅಣ್ಣಾರೆ, ಬರ್ರಿ. ನಾನೇ ಬರಬೇಕು ಅಂತಿದ್ದೆ. ಕಾಲು ನಡೀಲಿಲ್ಲ."

ಒಳಗೆ ಕರೆದು ಕುರ್ಚಿ ಹಾಕಿದಳು. ಟೀ ಇಟ್ಟಳು. ಗೋಡೆಯ ಮೇಲೆ ನಾನು ಕಟ್ಟಿದ ಎಂಟು-ಹನ್ನೆರಡು ಇತ್ತು. ಆಮೇಲೆ ಆಕೆ ನನ್ನ ಎದುರು ನೆಲದ ಮೇಲೆ ಕೂತು ಎರಡೂ ಕೈ ಜೋಡಿಸಿದಳು.

"ಅವತ್ತು ನಾಕು ಜನರ ಮುಂದೆ ನಿಮಗೆ ಕಳ್ಳ ಅಂದುಬಿಟ್ಟೆ. ತಪ್ಪಾತು ಅಣ್ಣಾರೆ. ನನ್ನ ತಲೆ ಸರಿ ಇರಲಿಲ್ಲ. ಮಗ ಹೊನ್ನಾಳೀಲಿ ಡಾಕ್ಟ್ರಿಗೆ ತೋರಿಸ್ತಾವನೆ. ಮಾತ್ರೆ ತಗಂತೀನಿ. ಈಗ ತಿಳೀತೈತೆ. ಅಲ್ಲಿ ಕೈ ಇರಲಿಲ್ಲ. ಮಗಳು ಹೋದ ಸಂಕಟಕ್ಕೆ ನಾನೇ ಕಂಡಂಗೆ ಮಾಡ್ಕಂಡಿದ್ದೆ."

ಲಕೋಟೆ ನನ್ನ ಜೇಬಿನಲ್ಲಿ ಎದೆಗೆ ಒತ್ತಿಕೊಂಡಿತ್ತು. ತೆಗೆದು ಕೊಡುವುದಕ್ಕೆ ಎರಡು ಬೆರಳು ಸಾಕಿತ್ತು. ಆದರೆ ಕೊಟ್ಟರೆ, ಆ ಮಾತ್ರೆಗಳಿಗೆ, ಊರಿನವರು ಆಕೆಯ ಬಗ್ಗೆ ಆಡಿರುವ ಮಾತಿಗೆ, ಎಲ್ಲಕ್ಕೂ ನಾನು ಉತ್ತರ ಕೊಡಬೇಕು. ಅಂಗಡಿಯ ಮೇಜಿನ ಹಿಂದೆ ನಿಂತು ಸುಳ್ಳು ಹೇಳಿದ್ದಕ್ಕಿಂತ, ಆ ಕುರ್ಚಿಯ ಮೇಲೆ ಕೂತು ಸುಮ್ಮನಿದ್ದದ್ದು ದೊಡ್ಡ ತಪ್ಪು. ಅದು ಆಗಲೇ ನನಗೆ ಗೊತ್ತಾಗುತ್ತಿತ್ತು.

"ಇರ್ಲಿ ಬಿಡವ್ವ" ಅಂದೆ.

ಆಕೆ ಕಣ್ಣು ಒರೆಸಿಕೊಂಡಳು. "ದೊಡ್ಡ ಮನಸ್ಸು ನಿಮ್ದು."

ಏಳುವಾಗ ನೋಡಿದೆ. ಫ್ರೇಮಿನ ಎಡಗಡೆ, ಹೆಗಲಿನ ಮಟ್ಟಕ್ಕೆ, ಬರಿಯ ಗೋಡೆಯ ಮೇಲೆ ಕುಂಕುಮ ಹಚ್ಚಿತ್ತು. ಒಂದು ದಿನದ್ದಲ್ಲ. ಒಂದರ ಮೇಲೆ ಒಂದು ಕೂತು ದಪ್ಪಗಟ್ಟಿತ್ತು. ಫ್ರೇಮಿನ ಮರದಿಂದ ಆಚೆಗೆ, ನಾನು ಕತ್ತರಿಸಿ ತೆಗೆದ ಭಾಗ ಇದ್ದಿದ್ದರೆ ಎಲ್ಲಿಗೆ ಬರುತ್ತಿತ್ತೋ ಅಲ್ಲಿಗೆ. ನಾನು ಅಳತೆಯ ಮನುಷ್ಯ, ಕಣ್ಣಿನಲ್ಲೇ ಅಳೆದೆ.

"ಗೋಡೆಗೆ ಯಾಕವ್ವ ಕುಂಕುಮ?"

ಆಕೆ ಆ ಕಡೆ ನೋಡಿದಳು. ಅದನ್ನು ಮೊದಲ ಸಲ ನೋಡುತ್ತಿರುವ ಹಾಗೆ ಸ್ವಲ್ಪ ಹೊತ್ತು ನೋಡಿದಳು.

"ಗೊತ್ತಿಲ್ಲಣ್ಣ. ಯಜಮಾನ್ರಿಗೆ ವಿಭೂತಿ ಹಚ್ಚಿ ಮುಗಿದ ಮ್ಯಾಲೆ ಬೆರಳು ತಂತಾನೇ ಅಲ್ಲಿಗೆ ಹೋಗ್ತೈತೆ. ಮಗ ಸುಣ್ಣ ಹೊಡೆದು ಅಳಿಸ್ತಾನೆ. ಮತ್ತೆ ಹೋಗ್ತೈತೆ." ಆಮೇಲೆ ಭಯದಿಂದ ನನ್ನ ಮುಖ ನೋಡಿ, "ಮತ್ತೆ ಹಚ್ಚೀನಿ ಅಂತ ಮಗನಿಗೆ ಹೇಳಬ್ಯಾಡ್ರಿ. ಮಾತ್ರೆ ಜಾಸ್ತಿ ಮಾಡಿಸ್ತಾನೆ" ಅಂದಳು.

ಹೇಳುವುದಿಲ್ಲ ಅಂತ ಮಾತು ಕೊಟ್ಟು ಹೊರಟು ಬಂದೆ. ಲಕೋಟೆಯೂ ನನ್ನ ಜೊತೆಯೇ ವಾಪಸ್ ಚನ್ನಗಿರಿಗೆ ಬಂತು.

ಮೂರು ವರ್ಷಕ್ಕೂ ಮೇಲೆ ಅದು ನನ್ನ ಹತ್ತಿರ ಇತ್ತು. ಆ ಅವಧಿಯಲ್ಲಿ ನಾನು ಯಾರ ಫೋಟೋವನ್ನೂ ಒಂದು ಕೂದಲಿನಷ್ಟೂ ಕತ್ತರಿಸಲಿಲ್ಲ. ಅಂಚಿನಲ್ಲಿ ಏನೇ ಇರಲಿ, ಎಮ್ಮೆಯ ಬಾಲ ಇರಲಿ, ಸೈಕಲ್ಲಿನ ಹ್ಯಾಂಡಲ್ ಇರಲಿ, ಅದು ಉಳಿಯುವ ಅಳತೆಗೇ ಫ್ರೇಮ್ ಮಾಡಿದೆ. "ಯಜಮಾನ್ರು ಮೊದಲಿನಂಗಿಲ್ಲ, ಸುಮ್ನೆ ದೊಡ್ಡ ಸೈಜ್ ಮಾಡ್ತಾರೆ" ಅಂತ ಜನ ಗೊಣಗಿದರು. ಅದರಿಂದ ಗೋವಿನಕೋವಿಯ ಗೋಡೆಗೆ ಏನೂ ಉಪಯೋಗವಾಗಲಿಲ್ಲ.

ಒಂದು ದಿನ ಆಕೆಯ ಮಗ, ಆಟೋ ಓಡಿಸುವವನು, ಬಂದ. ಕೈಯಲ್ಲಿ ಕವರು. ತಲೆ ಬೋಳಿಸಿದ್ದ. ನೋಡಿದ ಕೂಡಲೇ ಅರ್ಥವಾಯಿತು.

"ಅವ್ವಂದು. ಆಧಾರ್ ಫೋಟೋನೇ ದೊಡ್ಡದು ಮಾಡಿಸೀನಿ" ಅಂದ. "ಅಪ್ಪನ ಪಕ್ಕಕ್ಕೆ ಹಾಕ್ಬೇಕು. ಅದೇ ಅಳತೆಗೆ ಮಾಡ್ಕೊಡ್ರಿ, ಎಂಟು-ಹನ್ನೆರಡು."

"ನಿಮ್ಮಪ್ಪನ ಫೋಟೋದ ಅಳತೆ ಎಂಟಲ್ಲಪ್ಪ" ಅಂದೆ. "ಒಂಬತ್ತೂಕಾಲು."

ಅವನಿಗೆ ಅರ್ಥವಾಗಲಿಲ್ಲ. ನಾನು ಲಕೋಟೆ ತೆಗೆದು ಪಟ್ಟಿಯನ್ನು ಮೇಜಿನ ಮೇಲೆ ಇಟ್ಟೆ. ಎಲ್ಲವನ್ನೂ ಹೇಳಿದೆ. ಫ್ರೇಮು, ಬ್ಲೇಡು, ಬೆರಳ ತುದಿಯ ಮೇಲೆ ಹಚ್ಚಿದ ಬಣ್ಣ, ಜಗಳೂರು, ಅವರ ಮನೆಗೆ ಹೋಗಿ ಸುಮ್ಮನೆ ಬಂದದ್ದು. ಅವನು ಪಟ್ಟಿಯನ್ನು ಅಂಗೈ ಮೇಲೆ ಇಟ್ಟುಕೊಂಡು ನೋಡಿದ.

"ಇದು ನಮ್ಮಕ್ಕನಾ?"

"ಹೌದಪ್ಪ."

"ನಾನು ಹುಟ್ಟೋಕೆ ಮುಂಚೇನೇ ಹೋಗಿದ್ಲು. ನೋಡಿರಲಿಲ್ಲ." ಬಳೆಯ ಮೇಲೆ ಹೆಬ್ಬೆರಳು ಇಟ್ಟ. "ಮೂರೂವರೆ ವರ್ಷ ಮಾತ್ರೆ ನುಂಗಿಸೀನ್ರಿ ನಮ್ಮವ್ವಗೆ. ಬ್ಯಾಡ ಕಣೋ, ತಲೆ ಜೋಮು ಹಿಡೀತೈತೆ ಅನ್ನಳು. ಬೈದು ನುಂಗಿಸೀನಿ. ಗೋಡೆಗೆ ಕುಂಕುಮ ಹಚ್ಚಿದ್ರೆ ನಾಕು ದಿನ ಮಾತಾಡ್ಸ್ತಿರಲಿಲ್ಲ."

"ತಪ್ಪಾತು ಮಗಾ. ನನ್ನನ್ನ ಕ್ಷಮಿಸಪ್ಪ" ಅಂದೆ. ಬಗ್ಗಿ ಅವನ ಕಾಲು ಮುಟ್ಟಲು ಹೋದೆ. ಹಿಂದೆ ಸರಿದ.

"ನನ್ನ ಯಾಕ್ ಕೇಳ್ತೀರಿ?"

ದನಿ ಎತ್ತಲಿಲ್ಲ. ಎತ್ತಿದ್ದರೆ ಅಕ್ಕಪಕ್ಕದವರು ಬರುತ್ತಿದ್ದರು, ನಾಲ್ಕು ಮಾತು ಆಗುತ್ತಿತ್ತು, ಏನೋ ಒಂದು ಮುಗಿಯುತ್ತಿತ್ತು. ಅವನು ಪಟ್ಟಿಯನ್ನು ತಾಯಿಯ ಫೋಟೋ ಇದ್ದ ಕವರಿನೊಳಗೆ, ಬಗ್ಗದ ಹಾಗೆ ಜೋಪಾನವಾಗಿ ಸೇರಿಸಿದ.

"ನಾನೇ ಮಾಡಿಕೊಡ್ತೀನಪ್ಪ. ಮೂರನ್ನೂ ಸೇರಿಸಿ, ಸರಿಯಾದ ಅಳತೆಗೆ."

"ಬ್ಯಾಡ್ರಿ. ಬೇರೆ ಕಡೆ ಕಟ್ಟು ಹಾಕಿಸ್ತೀನಿ" ಅಂದು ಹೋದ. ಆಮೇಲೆ ನಾನು ಅವನನ್ನು ನೋಡಿಲ್ಲ.

ಅಂಗಡಿ ಮುಚ್ಚಿದೆ. ಆ ಫೋಟೋ ಈಗ ಯಾವ ಫ್ರೇಮಿನಲ್ಲಿದೆ, ಕೈ ಹೆಗಲಿಗೆ ಮತ್ತೆ ಬಂದು ಸೇರಿದೆಯೋ ಇಲ್ಲವೋ, ನನಗೆ ತಿಳಿಯದು. ತಿಳಿದುಕೊಳ್ಳಲು ಹೋಗುವ ಮುಖವೂ ನನಗಿಲ್ಲ. ಜಗಳೂರಿನ ಅಕ್ಕ ತಮ್ಮನಿಗೆ ತಪ್ಪಾಯಿತು ಅಂದೆ, ಅವರು ಕ್ಷಮಿಸಿದರು. ಮಗನಿಗೆ ಅಂದೆ, ಅವನು ಕ್ಷಮಿಸಲಿಲ್ಲ. ಕಣ್ಣಿಗೆ ಕಾಣದ ಆ ಆರು ವರ್ಷದ ಹುಡುಗಿಗೂ ಡ್ರಾ ಮುಚ್ಚುವಾಗೆಲ್ಲ ಅಂದಿದ್ದೇನೆ. ಒಬ್ಬರಿಗೆ ಮಾತ್ರ ಅನ್ನಲಿಲ್ಲ. ನನ್ನ ಮೊಣಕಾಲಿನ ಹತ್ತಿರವೇ ನೆಲದ ಮೇಲೆ ಕೂತಿದ್ದರು, ನನಗೇ ಕೈ ಮುಗಿದಿದ್ದರು, ಆಗಲೂ ಅನ್ನಲಿಲ್ಲ. ಗೋವಿನಕೋವಿಯಿಂದ ಅಡಿಕೆ ಸುಲಿಯಲು ಬಂದ, ಏನೂ ತೆಗೆಯಬೇಡಿ ಅಂತ ಒಂದೇ ಮಾತು ಕೇಳಿಕೊಂಡ, ಆ ಹುಡುಗಿಯ ತಾಯಿಗೆ.